ಕಂಬಳಿಹುಳ ಮರ ಬೋಳು ಮಾಡ್ತಿದೆ, ಕಣಜ ತಂದು ಬಿಟ್ರೆ ಸಾಕಾ?

ಪ್ರಶ್ನೆ: ಮನೆ ಹಿಂದೆ ಇರೋ ಓಕ್ ಮರಗಳಿಗೆ ಎರಡು ವರ್ಷದಿಂದ ಸ್ಪಂಜಿ ಮಾತ್ ಹುಳದ ಕಾಟ, ಈ ಸಲ ಜೂನ್‌ನಲ್ಲೇ ಮರ ಪೂರ್ತಿ ಬೋಳು. ಕಾಂಡಕ್ಕೆ ಗೋಣಿಪಟ್ಟಿ ಕಟ್ಟಿದ್ದೆ, ಅದರ ಕೆಳಗೆ ಸತ್ತ ಸಣ್ಣ ಹುಳಗಳ ಪಕ್ಕ ಅಕ್ಕಿಕಾಳಿನ ಥರ ಬೆಳ್ಳಗಿನ ಚಿಕ್ಕ ಚಿಕ್ಕ ಗೂಡು ಸಿಕ್ಕಿದವು, ಮೊಟ್ಟೆ ಇರಬೇಕು ಅಂತ ಹೊಸಕಿ ಹಾಕಿದೆ. ಆಮೇಲೆ ಯಾರೋ ಅದು ಕಣಜದ ಗೂಡು, ಹುಳನ ಕೊಲ್ಲೋದೇ ಅದು ಅಂದ್ರು. ನಿಜಾನಾ? ನಿಜ ಆದ್ರೆ ಅಂಥ ಕಣಜ ಇದ್ದೂ ಮರ ಯಾಕೆ ಬೋಳಾಯ್ತು? ಕಣಜ ದುಡ್ಡು ಕೊಟ್ಟು ತಂದು ಬಿಡಬಹುದಾ, ಮಕ್ಕಳಿಗೆ ಕಚ್ಚುತ್ತಾ?

ಉತ್ತರ:

ಮೊದಲು ಕೆಟ್ಟ ಸುದ್ದಿ ಹೇಳಿಬಿಡ್ತೀನಿ, ನೀವು ಹೊಸಕಿದ್ದು ನಿಮ್ಮ ಕಡೆಯವರನ್ನೇ. ಬೇಜಾರು ಮಾಡ್ಕೋಬೇಡಿ, ಹತ್ತರಲ್ಲಿ ಒಂಬತ್ತು ಜನ ಇದೇ ತಪ್ಪು ಮಾಡ್ತಾರೆ, ನಾನೂ ಶುರುವಿನಲ್ಲಿ ಮಾಡಿದ್ದೀನಿ. ಒಂದು ವಿಷಯ ನೆನಪಿಟ್ಟುಕೊಂಡ್ರೆ ಇನ್ಯಾವತ್ತೂ ಗೊಂದಲ ಆಗಲ್ಲ: ಮೊಟ್ಟೆ ಇಡೋದು ಪತಂಗ, ಹುಳ ಅಲ್ಲ. ಸ್ಪಂಜಿ ಮಾತ್‌ನ ಹೆಣ್ಣು ಪತಂಗ ತೊಗಟೆ ಮೇಲೆ, ಕಲ್ಲಿನ ಸಂದಿಯಲ್ಲಿ, ಮನೆ ಸೂರಿನ ಕೆಳಗೆ ಮೊಟ್ಟೆಗಳನ್ನ ರಾಶಿಯಾಗಿ ಇಟ್ಟು ತನ್ನ ಹೊಟ್ಟೆಯ ತಿಳಿ ಕಂದು ಕೂದಲನ್ನೇ ಉದುರಿಸಿ ಮೇಲೆ ಕಂಬಳಿ ಹೊದಿಸಿದ ಹಾಗೆ ಮುಚ್ಚುತ್ತೆ, ಮುಟ್ಟಿದ್ರೆ ಸ್ಪಂಜಿನ ಥರ ಇರುತ್ತೆ, ಈಗಿನ ಹೆಸರು ಬಂದಿದ್ದೂ ಅದರಿಂದಲೇ. (ಹಳೇ ಇಂಗ್ಲಿಷ್ ಹೆಸರಿನಲ್ಲಿ ಒಂದು ಜನಾಂಗದ ಹೆಸರಿತ್ತು, ಅದು ಅವಮಾನ ಅಂತ ಅಮೆರಿಕದ ಕೀಟಶಾಸ್ತ್ರ ಸಂಘ 2021ರಲ್ಲಿ ಅದನ್ನ ಕೈಬಿಟ್ಟು 2022ರಲ್ಲಿ ಸ್ಪಂಜಿ ಮಾತ್ ಅಂತ ಇಟ್ಟರು.) ಅಂದ್ರೆ ಸತ್ತ ಹುಳದ ಪಕ್ಕದಲ್ಲಿ ಬೆಳ್ಳಗೆ, ನೂಲಿನಿಂದ ಸುತ್ತಿದ ಹಾಗೆ ಏನಾದ್ರೂ ಕಂಡ್ರೆ ಅದು ಪತಂಗದ ಮೊಟ್ಟೆ ಅಂತೂ ಅಲ್ಲ.

ಒಂದು ಸಣ್ಣ ಹುಳ, ಅದರ ಪಕ್ಕ ಒಂದೇ ಗೂಡು ಅಂದ್ರೆ ಅದು ಹೆಚ್ಚುಕಮ್ಮಿ ಕೋಟೀಸಿಯಾ ಮೆಲನೊಸೀಲಾ ಅನ್ನೋ ಕಣಜ. ಕಣಜ ಅಂದ ತಕ್ಷಣ ನಿಮ್ಮ ಕಣ್ಮುಂದೆ ಹಳದಿ ಕಪ್ಪು ಪಟ್ಟೆಯ, ಗೂಡಿಗೆ ಕಲ್ಲು ಹೊಡೆದ್ರೆ ಅಟ್ಟಿಸಿಕೊಂಡು ಬರೋ ಪ್ರಾಣಿ ಬರುತ್ತೆ ಅಲ್ವಾ, ಅದನ್ನ ಮರೆತುಬಿಡಿ. ಇದು ಮೂರು ಮಿಲಿಮೀಟರ್ ಆಸುಪಾಸಿನ ಕಪ್ಪು ಕೀಟ, ಇರುವೆಗೆ ರೆಕ್ಕೆ ಬಂದ ಹಾಗೆ ಕಾಣುತ್ತೆ, ಒಂಟಿ ಜೀವಿ, ಕಾಯೋಕೆ ಇದಕ್ಕೆ ಗೂಡೂ ಇಲ್ಲ ಸಂಸಾರವೂ ಇಲ್ಲ. ಹಿಂಬದಿಯ ಸೂಜಿ ಇರೋದು ಮೊಟ್ಟೆ ಇಡೋಕೆ. ಮಕ್ಕಳ ವಿಷಯದಲ್ಲಿ ಇದಕ್ಕೆ ಹೆದರಬೇಡಿ. ಹೆದರೋದಾದ್ರೆ ಹುಳದ ಕೂದಲಿಗೆ ಹೆದರಿ, ಅದು ತಾಗಿದ್ರೆ ಕೆಲವರಿಗೆ ಮೈಯೆಲ್ಲ ದದ್ದು ಏಳುತ್ತೆ, ಅದಕ್ಕೇ ಗೋಣಿಪಟ್ಟಿ ಬಿಚ್ಚುವಾಗ ಗ್ಲೌಸ್ ಹಾಕ್ಕೊಳ್ಳಿ.

ಇದು ಕೆಲಸ ಮಾಡೋ ರೀತಿ ನೋಡೋಕೆ ಸಿಕ್ಕಿದ್ರೆ ಬಿಡಬೇಡಿ. ಎಲೆ ಮೇಲೆ ಓಡಾಡ್ತಾ ಮೀಸೆಯಿಂದ ಟಪಟಪ ತಟ್ಟುತ್ತಾ ಬರುತ್ತೆ, ಹುಳ ಎಲೆ ಕಡಿದ ಜಾಗದ ವಾಸನೆ, ಹಿಕ್ಕೆ ವಾಸನೆ, ಬಿಟ್ಟುಹೋದ ನೂಲಿನ ಎಳೆ ಎಲ್ಲವೂ ಅದಕ್ಕೆ ಸುಳಿವು, ಹುಳ ಸಿಕ್ಕ ಕೂಡಲೇ ಹೊಟ್ಟೆ ಮುಂದಕ್ಕೆ ಮಡಚಿ ಸೂಜಿ ಚುಚ್ಚಿ ತೆಗೆಯುತ್ತೆ, ನೀವು ಕಣ್ಣು ಮಿಟುಕಿಸೋದ್ರೊಳಗೆ ಮುಗಿದಿರುತ್ತೆ. ಆದ್ರೆ ಇದು ಸಾಧ್ಯ ಆಗೋದು ಹುಳ ಇನ್ನೂ ಚಿಕ್ಕದಿರುವಾಗ, ಮೊದಲ ಎರಡು ಮೂರು ಹಂತದಲ್ಲಿ ಮಾತ್ರ. ಆಮೇಲೆ ಹುಳದ ಕೂದಲು ಎಷ್ಟು ಉದ್ದ ಬೆಳೆಯುತ್ತೆ ಅಂದ್ರೆ ಕಣಜ ಹತ್ತಿರ ಹೋಗೋದೇ ಕಷ್ಟ, ಹುಳ ಬೇರೆ ಮೈ ಒದರಿ ಬೀಸುತ್ತೆ. ಇದೊಂದು ಅಂಶ ತಲೆಯಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊಟ್ಟೆ ಒಳಗೆ ಹೋದ್ಮೇಲೆ ಹುಳ ಸುಮ್ಮನೆ ಇರಲ್ಲ. ಅದರ ರಕ್ತದಲ್ಲಿ ಕಾವಲು ಕಣಗಳಿವೆ, ಹೊರಗಿಂದ ಏನು ಬಂದ್ರೂ ಸುತ್ತುವರಿದು ಪದರ ಕಟ್ಟಿ ಉಸಿರುಗಟ್ಟಿಸೋದು ಅವುಗಳ ಕೆಲಸ. ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋ ಹಾಗೆ ಕಣಜ ಮೊಟ್ಟೆ ಜೊತೆಗೇ ವೈರಸ್ ಕೂಡ ಚುಚ್ಚಿರುತ್ತೆ. ಪಾಲಿಡಿಎನ್ಎ ವೈರಸ್ ಅಂತಾರೆ, ಇದು ಹೊರಗಿನ ರೋಗ ಅಲ್ಲ, ಕಣಜದ ಸ್ವಂತ ಜೀನೋಮ್‌ನಲ್ಲೇ, ಅಂದ್ರೆ ಅದರ ವಂಶವಾಹಿಗಳಲ್ಲೇ ಬರೆದಿಟ್ಟಿರೋ ವೈರಸ್, ಹೆಣ್ಣು ಕಣಜದ ಅಂಡಾಶಯದಲ್ಲಿ ತಯಾರಾಗುತ್ತೆ. ಸುಮಾರು ಹತ್ತು ಕೋಟಿ ವರ್ಷದ ಹಿಂದೆ ಈ ಕಣಜಗಳ ಪೂರ್ವಜನಿಗೆ ತಗುಲಿದ ಒಂದು ವೈರಸ್ಸನ್ನ ಇವು ಸಾಕಿ ಪಳಗಿಸಿಕೊಂಡಿವೆ. ಅದು ಹುಳದ ಕಾವಲು ಕಣಗಳನ್ನ ಮಂಕು ಮಾಡುತ್ತೆ, ಕಣಜದ ಮರಿ ಆರಾಮಾಗಿ ರಕ್ತ ಕುಡ್ಕೊಂಡು ಬೆಳೆಯುತ್ತೆ, ಕೆಲವು ವಾರದಲ್ಲಿ ಹುಳದ ಚರ್ಮ ಕೊರೆದು ಹೊರಗೆ ಬಂದು ಪಕ್ಕದಲ್ಲೇ ಬೆಳ್ಳಗಿನ ಗೂಡು ನೇಯುತ್ತೆ. ನೀವು ನೋಡಿದ್ದು ಅದನ್ನೇ. ವರ್ಷಕ್ಕೆ ಎರಡು ಪೀಳಿಗೆ, ಎರಡನೇ ಪೀಳಿಗೆಯವು ಗೂಡಿನ ಒಳಗೇ ಚಳಿಗಾಲ ಕಳೀತಾವೆ, ಅಂದ್ರೆ ಬೇಸಿಗೆಯಲ್ಲಿ ತೊಗಟೆ ಮೇಲೆ ಕಾಣೋ ಗೂಡು ಮುಂದಿನ ವಸಂತದ ಬಿತ್ತನೆ ಬೀಜ ಇದ್ದ ಹಾಗೆ.

ಇನ್ನೂ ಎರಡು ಕಣಜ ಇದೇ ಪತಂಗದ ಬೇರೆ ಬೇರೆ ವಯಸ್ಸಿನ ಮೇಲೆ ಕೂತಿವೆ. ಮೊಟ್ಟೆಗೆ ಊಎನ್‌ಸಿರ್ಟಸ್ ಕುವಾನೆ, ಜಪಾನಿನಿಂದ 1908ರ ಸುಮಾರಿಗೆ ಅಮೆರಿಕಕ್ಕೆ ತಂದದ್ದು, ಉದ್ದ ಒಂದು ಮಿಲಿಮೀಟರ್ ಚಿಲ್ಲರೆ. ಸೆಪ್ಟೆಂಬರ್ ಬಿಸಿಲಲ್ಲಿ ಒಂದು ಲೆನ್ಸ್ ತಗೊಂಡು ಮೊಟ್ಟೆ ರಾಶಿ ಮುಂದೆ ಹತ್ತು ನಿಮಿಷ ಕೂತ್ಕೊಳ್ಳಿ, ಕೂದಲ ಹೊದಿಕೆ ಮೇಲೆ ಎಳ್ಳಿನ ಚೂರಿನ ಥರ ಕಪ್ಪು ಚುಕ್ಕಿ ಓಡಾಡ್ತಾ ಇದ್ರೆ ಅದೇ. ಕೂದಲ ನಡುವೆ ತಲೆ ತೂರಿಸಿ ದಾರಿ ಮಾಡ್ಕೊಂಡು ಒಂದೊಂದೇ ಮೊಟ್ಟೆ ಮೇಲೆ ನಿಂತು ಚುಚ್ಚುತ್ತೆ. ಕೆಲಸ ಮುಗಿದ ರಾಶಿ ಮೇಲೆ ಗುಂಡುಸೂಜಿಯಲ್ಲಿ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು ಕಾಣುತ್ತೆ. ಸಮಸ್ಯೆ ಏನಪ್ಪಾ ಅಂದ್ರೆ ಇದರ ಸೂಜಿ ಗಿಡ್ಡ. ಮೇಲಿನ ಪದರದ ಮೊಟ್ಟೆ ಮಾತ್ರ ಸಿಗುತ್ತೆ, ಒಳಗಡೆಯವು ಸೇಫ್. ಹಾಗಾಗಿ ಸಾಮಾನ್ಯವಾಗಿ ನೂರಕ್ಕೆ ಇಪ್ಪತ್ತು ಮೂವತ್ತು ಮೊಟ್ಟೆ ಹೊಡೆಯುತ್ತೆ, ಅದಕ್ಕಿಂತ ಜಾಸ್ತಿ ಹೋಗೋದು ಕಷ್ಟ. ರಾಶಿ ಚಿಕ್ಕದಾದಷ್ಟೂ ಇದರ ಪಾಲು ಜಾಸ್ತಿ, ಯಾಕಂದ್ರೆ ಚಿಕ್ಕ ರಾಶಿಗೆ ಒಳಗು ಅನ್ನೋದೇ ಕಮ್ಮಿ.

ಕೋಶದ ಹಂತಕ್ಕೆ, ಅಂದ್ರೆ ಹುಳ ಪತಂಗ ಆಗೋ ಮುಂಚೆ ಅಲ್ಲಾಡದೆ ಇರೋ ಹಂತಕ್ಕೆ, ಬ್ರಾಕಿಮೀರಿಯಾ ಇಂಟರ್ಮೀಡಿಯಾ, ಕಪ್ಪು ಮೈ, ದಪ್ಪ ತೊಡೆಯ ಹಿಂಗಾಲಿನಲ್ಲಿ ಹಳದಿ. ಬಿಸಿಲು ಬೀಳೋ ಜಾಗ, ಹುಳ ಕಿಕ್ಕಿರಿದಿರೋ ಕಾಡು ಇದಕ್ಕೆ ಇಷ್ಟ. 1900ರ ದಶಕದಲ್ಲೇ ತಂದು ಬಿಟ್ಟಿದ್ರೂ ಇದು ನೆಲೆ ನಿಂತಿದೆ ಅಂತ ಗೊತ್ತಾಗೋಕೆ 1940ರ ದಶಕವೇ ಬರಬೇಕಾಯ್ತು.

ಈಗ ನಿಮ್ಮ ಅಸಲಿ ಪ್ರಶ್ನೆ. ಮೊಟ್ಟೆಗೊಂದು, ಮರಿಗೊಂದು, ಕೋಶಕ್ಕೊಂದು ಅಂತ ಇಷ್ಟೆಲ್ಲ ಶತ್ರುಗಳಿದ್ದೂ ಮರ ಯಾಕೆ ಬೋಳಾಗುತ್ತೆ?

ಸ್ವಲ್ಪ ಲೆಕ್ಕ ಹಾಕೋಣ. ಒಂದು ಹೆಣ್ಣು ಪತಂಗ 500 ಮೊಟ್ಟೆ ಇಟ್ಟಿತು ಅಂದ್ಕೊಳ್ಳಿ, 100ರಿಂದ 1000ದವರೆಗೂ ಇಡಬಹುದು. ಆ 500ರಲ್ಲಿ ಕೊನೆಗೆ ಎರಡು ಉಳಿದು ಪತಂಗ ಆದ್ರೆ, ಒಂದು ಗಂಡು ಒಂದು ಹೆಣ್ಣು, ಮುಂದಿನ ವರ್ಷ ಹುಳದ ಸಂಖ್ಯೆ ಈ ವರ್ಷದಷ್ಟೇ. ನಾಲ್ಕು ಉಳಿದ್ರೆ ಡಬಲ್. ಇಪ್ಪತ್ತು ಉಳಿದ್ರೆ ಹತ್ತು ಪಟ್ಟು! ಅಂದ್ರೆ ನೂರಕ್ಕೆ 96 ಸತ್ತರೂ ನಿಮ್ಮ ಮರದ ಮೇಲೆ ಹುಳ ಮುಂದಿನ ವರ್ಷ ಹತ್ತು ಪಟ್ಟು ಜಾಸ್ತಿ. ಕಣಜ 30 ಪರ್ಸೆಂಟ್ ಮೊಟ್ಟೆ ಹೊಡೀತು ಅಂತ ಕೇಳೋಕೆ ದೊಡ್ಡದಾಗಿರುತ್ತೆ, ಆದ್ರೆ ಬಾಕಿ 350 ಇದೆಯಲ್ಲ, ಅದರ ಗತಿ ಏನಾಯ್ತು ಅನ್ನೋದ್ರ ಮೇಲೆ ಕಥೆ ನಿಂತಿದೆ. ಹುಳ ಕಮ್ಮಿ ಇರೋ ವರ್ಷ ಈ ಬಾಕಿಯಲ್ಲಿ ದೊಡ್ಡ ಪಾಲು ಹೊಡೆಯೋದು ಯಾರು ಗೊತ್ತಾ? ಕಾಡಿನ ಇಲಿ. ಬಿಳಿಗಾಲಿನ ಇಲಿ ಅನ್ನೋದು ನೆಲದ ಹತ್ತಿರ ಇರೋ ಕೋಶಗಳನ್ನ ಹುಡುಕಿ ಹುಡುಕಿ ತಿನ್ನುತ್ತೆ, ಓಕ್ ಬೀಜ ಚೆನ್ನಾಗಿ ಬಿದ್ದ ವರ್ಷದ ನಂತರ ಇಲಿ ಜಾಸ್ತಿ, ಬೀಜ ಕೈಕೊಟ್ಟ ವರ್ಷ ಇಲಿ ಕಮ್ಮಿ, ಇಲಿ ಕಮ್ಮಿ ಆದ್ರೆ ಹುಳಕ್ಕೆ ಹಬ್ಬ. ಕಣಜ, ಇಲಿ, ಹಕ್ಕಿ, ಜೀರುಂಡೆ ಎಲ್ಲ ಸೇರಿ ಒಂದು ಅಣೆಕಟ್ಟಿನ ಹಾಗೆ ಇವೆ, ಒಂದು ಸಲ ಹುಳದ ಸಂಖ್ಯೆ ಆ ಕಟ್ಟೆ ದಾಟಿ ಹರಿದ್ರೆ ಆಮೇಲೆ ಕಣಜಕ್ಕೆ ಹಿಡಿಯೋಕಾಗಲ್ಲ. ಹುಳ ಒಂದೇ ವರ್ಷದಲ್ಲಿ ಹತ್ತು ಪಟ್ಟು ಏರಬಹುದು, ಕಣಜದ ಸಂಖ್ಯೆ ಅದರ ಹಿಂದೆ ಒಂದೆರಡು ವರ್ಷ ತಡವಾಗಿ ಏದುಸಿರು ಬಿಡ್ತಾ ಬರುತ್ತೆ, ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಕಣಜಕ್ಕೇ ಶತ್ರುಗಳಿಲ್ವಾ ಅಂದ್ರೆ ಅದೂ ಇದೆ. ತೊಗಟೆ ಮೇಲೆ ಚಳಿಗಾಲ ಕಳೆಯೋ ಕೋಟೀಸಿಯಾ ಗೂಡಿಗೆ ಬೇರೆ ಜಾತಿಯ ಕಣಜಗಳು ಬಂದು ಮೊಟ್ಟೆ ಇಡ್ತಾವೆ, ಕಳ್ಳನ ಮನೆಗೇ ಕನ್ನ! ಹಾಗಾಗಿ ವಸಂತದಲ್ಲಿ ಹುಳ ಚಿಕ್ಕದಿದ್ದು ಚುಚ್ಚೋಕೆ ಸಿಗೋ ಆ ಕೆಲವೇ ದಿನಗಳಲ್ಲಿ ಕೋಟೀಸಿಯಾ ಸಂಖ್ಯೆ ಸಾಕಾಗುವಷ್ಟು ಇರೋದೇ ಇಲ್ಲ.

ಇತಿಹಾಸ ನೋಡಿದ್ರೂ ಇದೇ. 1860ರ ದಶಕದ ಕೊನೆಗೆ ಎಟಿಯೆನ್ ಲಿಯೋಪೋಲ್ಡ್ ಟ್ರೂವೆಲೋ ಅನ್ನೋರು ಯುರೋಪಿಂದ ಈ ಪತಂಗವನ್ನ ಮ್ಯಾಸಚೂಸೆಟ್ಸ್‌ನ ಮೆಡ್‌ಫೋರ್ಡ್‌ಗೆ ತಂದ್ರು, ಅವರಿಗೆ ರೇಷ್ಮೆ ಹುಳದ ಹುಚ್ಚು. ಕೆಲವು ತಪ್ಪಿಸಿಕೊಂಡವು. ಇಪ್ಪತ್ತು ವರ್ಷ ಏನೂ ಗೊತ್ತಾಗಲಿಲ್ಲ, 1889ರಲ್ಲಿ ಮೆಡ್‌ಫೋರ್ಡ್ ಊರಿಗೆ ಊರೇ ಹುಳದಿಂದ ಮುಚ್ಚಿಹೋಯ್ತು. ಸುಟ್ಟರು, ವಿಷ ಹೊಡೆದ್ರು, ಆಗಲಿಲ್ಲ. 1905ರಿಂದ ಅಮೆರಿಕ ಸರ್ಕಾರದ ಕೀಟಶಾಸ್ತ್ರ ವಿಭಾಗದ ಮುಖ್ಯಸ್ಥ ಎಲ್. ಓ. ಹೋವರ್ಡ್ ಮುಂದಾಳತ್ವದಲ್ಲಿ ಯುರೋಪು, ಜಪಾನುಗಳಿಂದ ಶತ್ರು ಕೀಟಗಳನ್ನ ತರಿಸಿ ಬಿಡೋ ಕೆಲಸ ಶುರುವಾಯ್ತು, ದಶಕಗಟ್ಟಲೆ ನಡೀತು, ತಂದದ್ದರಲ್ಲಿ ಹತ್ತರ ಆಸುಪಾಸು ಮಾತ್ರ ನೆಲೆ ನಿಂತವು. ಇಷ್ಟೆಲ್ಲ ಆಗಿ ಮುಕ್ಕಾಲು ಶತಮಾನ ಕಳೆದ್ಮೇಲೂ 1981ರಲ್ಲಿ ಅಮೆರಿಕದಲ್ಲಿ ಈ ಹುಳ ಸುಮಾರು 129 ಲಕ್ಷ ಎಕರೆ ಕಾಡಿನ ಎಲೆ ತಿಂದು ಹಾಕಿತು. ಆ ಕಣಜಗಳೆಲ್ಲ ಅಲ್ಲೇ ಇದ್ದವು.

ಹಾಗಾದ್ರೆ ಹಾವಳಿ ಮುಗಿಸೋದು ಯಾರು? ರೋಗ. ಒಂದು ವೈರಸ್ (ಕಣಜ ಚುಚ್ಚೋದಲ್ಲ, ಬೇರೆ), ಇನ್ನೊಂದು ಎಂಟೊಮೋಫಾಗಾ ಮೈಮೈಗಾ ಅನ್ನೋ ಫಂಗಸ್. ಈ ಫಂಗಸ್ಸನ್ನೂ 1910-11ರಲ್ಲಿ ಜಪಾನಿನಿಂದ ತಂದು ಬಿಟ್ಟು ನೋಡಿದ್ರು, ಆಗ ಏನೂ ಆಗಲಿಲ್ಲ, 1989ರಲ್ಲಿ ಇದ್ದಕ್ಕಿದ್ದ ಹಾಗೆ ಈಶಾನ್ಯ ಅಮೆರಿಕದ ಕಾಡುಗಳಲ್ಲಿ ಕಾಣಿಸಿಕೊಂಡಿತು. ಮಳೆ ಜಾಸ್ತಿ ಇರೋ ವಸಂತದಲ್ಲಿ ಇದು ಹುಳವನ್ನ ಗುಡಿಸಿ ಹಾಕುತ್ತೆ. ನಿಮ್ಮ ಕಾಂಡದ ಮೇಲೆ ಸತ್ತು ನೇತಾಡ್ತಿರೋ ದೊಡ್ಡ ಹುಳ ಇದ್ರೆ ನೋಡಿ, ತಲೆ ಕೆಳಗೆ ಮಾಡಿ ನೆಟ್ಟಗೆ ಕಾಂಡಕ್ಕೆ ಅಂಟಿಕೊಂಡು ಒಣಗಿದ್ರೆ ಸಾಮಾನ್ಯವಾಗಿ ಫಂಗಸ್, ನಡುವೆ ಮಡಚಿದ ಹಾಗೆ ತಲೆಕೆಳಗಾದ ವಿ ಆಕಾರದಲ್ಲಿ ನೇತಾಡ್ತಾ ಒಳಗೆಲ್ಲ ನೀರಾಗಿದ್ರೆ ವೈರಸ್. ಅಂಥವು ಜಾಸ್ತಿ ಕಂಡ್ರೆ ಅದು ಒಳ್ಳೇ ಸುದ್ದಿ, ಎಳೆದು ಬಿಸಾಕಬೇಡಿ, ಅಲ್ಲೇ ಬಿಡಿ.

ಇಷ್ಟು ಕೇಳಿ ಕಣಜ ದಂಡ ಅಂತ ಅನ್ಕೊಂಡ್ರೆ ಅದೂ ತಪ್ಪು. ಕೆನಡಾದ ನೋವಾ ಸ್ಕೋಶಿಯಾದಲ್ಲಿ ವಿಂಟರ್ ಮಾತ್ ಅನ್ನೋ ಇನ್ನೊಂದು ಎಲೆ ತಿನ್ನೋ ಪತಂಗ ಓಕ್ ಮರಗಳನ್ನ ಕೊಲ್ತಾ ಇತ್ತು. 1950ರ ದಶಕದಲ್ಲಿ ಯುರೋಪಿಂದ ಎರಡು ಶತ್ರುಗಳನ್ನ ತಂದ್ರು, ಸೈಜೆನಿಸ್ ಅನ್ನೋ ನೊಣ, ಅಗ್ರಿಪಾನ್ ಅನ್ನೋ ಕಣಜ. ಕೆಲವೇ ವರ್ಷದಲ್ಲಿ ಹಾವಳಿ ಬಿದ್ದುಹೋಯ್ತು. ತಮಾಷೆ ಅಂದ್ರೆ ಅದೇ ಸೈಜೆನಿಸ್ ನೊಣ ಇಂಗ್ಲೆಂಡಿನ ವೈಥಮ್ ಕಾಡಲ್ಲಿ ವಾರ್ಲೀ ಮತ್ತು ಗ್ರಾಡ್ವೆಲ್ ಅನ್ನೋ ವಿಜ್ಞಾನಿಗಳು ವರ್ಷಗಟ್ಟಲೆ ಲೆಕ್ಕ ಇಟ್ಟಾಗ ದೊಡ್ಡ ಪಾತ್ರ ಏನೂ ವಹಿಸ್ತಿರಲಿಲ್ಲ, ಅಲ್ಲಿ ಹುಳದ ಸಂಖ್ಯೆ ಹಿಡಿದಿಟ್ಟಿದ್ದು ಮಣ್ಣಲ್ಲಿ ಕೋಶ ತಿನ್ನೋ ಜೀರುಂಡೆಗಳೇ ಜಾಸ್ತಿ. ಅದಕ್ಕೇ ಯಾರಾದ್ರೂ ಇಂಥ ಕಣಜ ಬಿಟ್ರೆ ಇಷ್ಟು ಪರ್ಸೆಂಟ್ ಹುಳ ಕಮ್ಮಿ ಆಗುತ್ತೆ ಅಂತ ಕರಾರುವಾಕ್ಕಾಗಿ ಹೇಳಿದ್ರೆ ನಾನು ನಂಬಲ್ಲ.

ಇದಕ್ಕೆ ಸೇರಿದ ಒಂದು ಉಪಕಥೆ ಹೇಳದೆ ಇರೋಕಾಗಲ್ಲ. ಬ್ರೆಜಿಲ್‌ನಲ್ಲಿ ಸೀಬೆ, ನೀಲಗಿರಿ ಮರಗಳ ಎಲೆ ತಿನ್ನೋ ಒಂದು ಹುಳ ಇದೆ, ಗ್ಲಿಪ್ಟಪ್ಯಾಂಟಲೀಸ್ ಅನ್ನೋ ಕಣಜ ಅದರೊಳಗೆ ಒಂದೇ ಸಲ ಎಂಬತ್ತರವರೆಗೆ ಮೊಟ್ಟೆ ಇಡುತ್ತೆ. ಮರಿಗಳು ಹೊರಬಂದು ಗೂಡು ಕಟ್ಟಿದ ಮೇಲೂ ಹುಳ ಸಾಯಲ್ಲ. ಊಟ ಬಿಟ್ಟು ಆ ಗೂಡುಗಳ ಪಕ್ಕ ನಿಂತ್ಕೊಂಡು ಯಾವುದಾದ್ರೂ ತಿಗಣೆ ಜಾತಿಯ ಬೇಟೆಗಾರ ಕೀಟ ಹತ್ತಿರ ಬಂದ್ರೆ ತಲೆ ಜೋರಾಗಿ ಬೀಸಿ ಕೆಡವುತ್ತೆ, ತನ್ನನ್ನ ತಿಂದವರ ಮನೆಗೇ ವಾಚ್‌ಮನ್! 2008ರಲ್ಲಿ ಪ್ರಕಟ ಆದ ಅಧ್ಯಯನ ಇದು, ಒಂದೆರಡು ಮರಿಗಳು ಹುಳದೊಳಗೇ ಹಿಂದೆ ಉಳಿದಿರ್ತಾವೆ, ಈ ವರ್ತನೆಗೆ ಅವೇ ಕಾರಣ ಇರಬಹುದು ಅಂತ ಅವರ ಊಹೆ.

ಸರಿ, ಕೊಂಡು ತಂದು ಬಿಡೋ ವಿಷಯ. ಬೇಡ. ಮಾರಾಟಕ್ಕೆ ಸಿಗೋದು ಹೆಚ್ಚಾಗಿ ಟ್ರೈಕೊಗ್ರಾಮಾ, ಬೆಳೆಗಳಲ್ಲಿ ಬಿಡಿಬಿಡಿಯಾಗಿ ಹೊಸದಾಗಿ ಇಟ್ಟ ಮೊಟ್ಟೆಗೆ ಅದು ಒಳ್ಳೇ ಕಣಜ, ಕೂದಲ ಕಂಬಳಿ ಹೊದ್ದ ಈ ರಾಶಿಗೆ ಅದು ಆಗಿಬರಲ್ಲ. ಸರಿಯಾದ ಜಾತಿಯೇ ಸಿಕ್ತು ಅಂತಿಟ್ಕೊಳ್ಳಿ, ಒಂದು ದೊಡ್ಡ ಓಕ್ ಮರದ ಮೇಲೆ ಸಾವಿರಾರು ಹುಳ, ನೀವು ಬಿಡೋದು ಒಂದು ಡಬ್ಬಿ ಕಣಜ, ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ, ಮೇಲಾಗಿ ರೆಕ್ಕೆ ಇರೋ ಪ್ರಾಣಿ ನಿಮ್ಮ ಕಾಂಪೌಂಡ್ ಒಳಗೇ ಇರ್ತೀನಿ ಅಂತ ಮಾತು ಕೊಟ್ಟಿರಲ್ಲ. ಬಿಡುಗಡೆ ಚೆನ್ನಾಗಿ ಕೆಲಸ ಮಾಡೋ ಮರಗಳೂ ಇವೆ, ತೆಂಗಿನ ಕಪ್ಪುತಲೆ ಹುಳಕ್ಕೆ ಗೋನಿಯೋಜಸ್ ಅನ್ನೋ ಕಣಜ ಬಿಡ್ತಾರಲ್ಲ, ಅದು ಫಲ ಕೊಡುತ್ತೆ, ಯಾಕಂದ್ರೆ ಆ ಹುಳ ವರ್ಷದ ಉದ್ದಕ್ಕೂ ಅದೇ ತೋಟದಲ್ಲಿರುತ್ತೆ, ಕಣಜಕ್ಕೆ ಯಾವಾಗಲೂ ಆಹಾರ ಇದೆ. ತೇಗದ ಎಲೆ ತಿನ್ನೋ ಹೈಬ್ಲಿಯಾ ಪತಂಗ ಅದಕ್ಕೆ ಉಲ್ಟಾ, ಇವತ್ತು ಇಲ್ಲಿ ಮೇಯ್ದು ಪತಂಗ ಆಗಿ ಹಾರಿ ಇನ್ನೆಲ್ಲೋ ಮೊಟ್ಟೆ ಇಡುತ್ತೆ, ಕಣಜದ ಸಂಖ್ಯೆ ಏರೋ ಹೊತ್ತಿಗೆ ಜಾಗ ಖಾಲಿ.

ಇನ್ನೊಂದು ಕಾರಣವೂ ಇದೆ, ಹೊರಗಿಂದ ತಂದು ಬಿಟ್ಟದ್ದನ್ನ ವಾಪಸ್ ಕರೆಯೋಕಾಗಲ್ಲ. 1906ರಲ್ಲಿ ಇದೇ ಸ್ಪಂಜಿ ಮಾತ್‌ಗೆ ಅಂತ ಕಾಂಪ್ಸಿಲೂರಾ ಅನ್ನೋ ನೊಣ ತಂದು ಬಿಟ್ಟರು, ಕಣಜ ಅಲ್ಲ, ನೊಣ. ಅದು ಸಿಕ್ಕಿದ ಹುಳಕ್ಕೆಲ್ಲ ಬೀಳೋ ಜಾತಿ, 180ಕ್ಕೂ ಹೆಚ್ಚು ಜಾತಿಯ ಹುಳಗಳಲ್ಲಿ ಬೆಳೆಯುತ್ತೆ. ಅಮೆರಿಕದ ದೊಡ್ಡ ಚೆಂದದ ಕಾಡು ರೇಷ್ಮೆ ಪತಂಗ ಸೆಕ್ರೋಪಿಯಾದ ಹುಳಗಳನ್ನ ಮ್ಯಾಸಚೂಸೆಟ್ಸ್ ಕಾಡಲ್ಲಿ ಬಿಟ್ಟು ನೋಡಿದಾಗ ನೂರಕ್ಕೆ 81ರಲ್ಲಿ ಈ ನೊಣದ ಮರಿ ಇತ್ತು ಅಂತ 2000ದಲ್ಲಿ ಪ್ರಕಟ ಆಯ್ತು. ಒಂದೇ ಹುಳಕ್ಕೆ ಅಂಟಿಕೊಂಡ ಶತ್ರುವನ್ನ ಮಾತ್ರ ಬಿಡಬೇಕು ಅನ್ನೋ ಈಗಿನ ಕಟ್ಟುನಿಟ್ಟು ಇಂಥ ಅನುಭವದಿಂದಲೇ ಬಂದದ್ದು.

ನೀವು ಮಾಡಬಹುದಾದದ್ದು ಇರೋ ಕಣಜ ಉಳಿಸ್ಕೊಳ್ಳೋದು. ಗೋಣಿಪಟ್ಟಿ ಕೆಳಗಿನ ಜೀವಂತ ಕಂಬಳಿಹುಳ ತೆಗೆದು ಸೋಪು ನೀರಿಗೆ ಹಾಕಿ, ಬಿಳಿ ಗೂಡು ಮುಟ್ಟಬೇಡಿ. ಎಲ್ಲ ಕೀಟಕ್ಕೂ ಹೊಡೆಯೋ ವಿಷ ಸ್ಪ್ರೇ ಮಾಡಬೇಡಿ, ಅದು ಇಲಿ ಬಂತು ಅಂತ ಮನೆಗೇ ಬೆಂಕಿ ಇಟ್ಟ ಹಾಗೆ. ತೀರಾ ಬೇಕೇಬೇಕು ಅಂದ್ರೆ ಬಿಟಿ, ಅಂದ್ರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಕುರ್ಸ್ಟಾಕಿ ಅನ್ನೋ ಬ್ಯಾಕ್ಟೀರಿಯಾದಿಂದ ಮಾಡಿದ ಔಷಧ, ಹುಳ ತೀರಾ ಚಿಕ್ಕದಿರುವಾಗ ಹೊಡೆಸಿ. ಎಲೆ ಜೊತೆ ತಿಂದ ಮರಿಹುಳಕ್ಕೆ ಮಾತ್ರ ಅದು ವಿಷ, ಕಣಜಕ್ಕೆ ತಾಗಲ್ಲ. ಇಲ್ಲೊಂದು ಬೋನಸ್ ಇದೆ, ಬಿಟಿ ಸ್ವಲ್ಪವೇ ತಿಂದು ಸಾಯದೆ ಉಳಿದ ಹುಳ ನಿಧಾನವಾಗಿ ಬೆಳೆಯುತ್ತೆ, ಚಿಕ್ಕದಾಗೇ ಜಾಸ್ತಿ ದಿನ ಇರುತ್ತೆ, ಕೋಟೀಸಿಯಾಗೆ ಚುಚ್ಚೋಕೆ ಅಷ್ಟು ದಿನ ಎಕ್ಸ್‌ಟ್ರಾ ಸಿಗುತ್ತೆ. ಬೇರೆ ಚಿಟ್ಟೆ ಪತಂಗದ ಮರಿಗಳೂ ಅದೇ ಎಲೆ ತಿಂದ್ರೆ ಸಾಯ್ತಾವೆ ಅನ್ನೋದು ಮಾತ್ರ ಮರೀಬೇಡಿ. ಮರದ ಕೆಳಗಿನ ತರಗೆಲೆ ಪೂರ್ತಿ ಗುಡಿಸಬೇಡಿ, ಮೊಟ್ಟೆ ಕಣಜದ ಹೆಣ್ಣುಗಳು ಚಳಿಗಾಲ ಕಳೆಯೋದು ಅದರಡಿ. ಸಬ್ಬಸಿಗೆ, ಕೊತ್ತಂಬರಿ ಥರದ ಸಣ್ಣ ಹೂವಿನ ಗಿಡ ಒಂದಿಷ್ಟು ಹೂ ಬಿಡೋಕೆ ಬಿಡಿ, ಸಣ್ಣ ಕಣಜದ ಬಾಯಿಗೆ ಆಳದ ಹೂವಿನ ಮಕರಂದ ಎಟಕಲ್ಲ.

ಮರದ ಬಗ್ಗೆ ಹೆದರಬೇಡಿ, ಗಟ್ಟಿಮುಟ್ಟಾದ ಓಕ್ ಒಂದೆರಡು ಸಲ ಬೋಳಾದ್ರೂ ಕೆಲವೇ ವಾರದಲ್ಲಿ ಮತ್ತೆ ಚಿಗುರುತ್ತೆ, ಬರ ಇದ್ರೆ ನೀರು ಕೊಡಿ. ಪೈನ್ ಥರದ ಸೂಜಿ ಎಲೆ ಮರ ಇದ್ರೆ ಮಾತ್ರ ಹುಷಾರು, ಒಂದೇ ಸಲ ಪೂರ್ತಿ ಬೋಳಾದ್ರೂ ಸಾಯಬಹುದು.

ಮೊಟ್ಟೆ ರಾಶಿ ಕೆರೆದು ತೆಗೆಯೋರು ಅಕ್ಟೋಬರ್‌ನಲ್ಲಿ ಕೆರೆದದ್ದನ್ನ ನೇರ ಸೋಪು ನೀರಿಗೆ ಹಾಕೋ ಬದಲು ಬಾಯಿಗೆ ಬಲೆ ಬಟ್ಟೆ ಕಟ್ಟಿದ ಡಬ್ಬಿಯಲ್ಲಿ ಕೆಲವು ವಾರ ಹೊರಗೆ ಇಡಿ ಅಂತ ನಾನು ಹೇಳ್ತೀನಿ. ಒಳಗೆ ತಯಾರಾಗಿರೋ ಕಣಜ ಎದ್ದು ಹೋಗುತ್ತೆ, ಹುಳ ಒಡೆಯೋದು ವಸಂತಕ್ಕೆ, ಚಳಿ ಶುರುವಾಗೋ ಮುಂಚೆ ಉಳಿದದ್ದನ್ನ ಎರಡು ದಿನ ಸೋಪು ನೀರಲ್ಲಿ ನೆನೆಸಿ. ಕೆರೆಯೋ ಮುಂಚೆ ಪ್ರತಿ ರಾಶಿ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೀರಿ, ಹೆಚ್ಚಿನವು ಹೆಬ್ಬೆರಳಿನ ಉಗುರಿಗಿಂತ ದೊಡ್ಡದಿಲ್ಲ, ಮೇಲೆಲ್ಲ ಸೂಜಿ ತೂತು ಅಂದ್ರೆ ಹುಳ ಇಳಿಮುಖ ಆಗಿದೆ, ಸ್ಪ್ರೇ ಖರ್ಚು ಉಳಿಸಿ. ಉದ್ದುದ್ದ, ಉಬ್ಬಿದ, ತೂತಿಲ್ಲದ ರಾಶಿಗಳೇ ಜಾಸ್ತಿ ಅಂದ್ರೆ ಬಿಟಿ ಹೊಡೆಯೋರಿಗೆ ಚಳಿಗಾಲದಲ್ಲೇ ಹೇಳಿಡಿ, ಏಪ್ರಿಲ್‌ನಲ್ಲಿ ಕೇಳಿದ್ರೆ ಯಾರೂ ಸಿಗಲ್ಲ.